ರನ್‌ವೇಯ ಬುಡ ಯಾವ ಕಡೆಗಿದೆ?

ಓದುಗರ ಪ್ರಶ್ನೆ, ನನ್ನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಂಗತಿ ಕೇಳಿವೆ. ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ವಿಮಾನ ಹಾರಿಸುವ ಆಟದಲ್ಲಿ, ವಿಮಾನ ಏರಿಸೋದು ಬಂತು, ನೇರ ಹಾರಿಸೋದೂ ಬಂತು. ಇಳಿಸೋಕೆ ಹೋದರೆ ಮಾತ್ರ ರನ್‌ವೇ ಎದುರಿಗೆ ನೆಟ್ಟಗೆ ಸಿಗೋದಿಲ್ಲ. ಆಟೊಪೈಲಟ್‌ಗೆ ಒಪ್ಪಿಸಿ ಇಳಿಸೋದಲ್ಲ, ಸೂಜಿ ನೋಡಿ ಇಳಿಸೋದೂ ಅಲ್ಲ. ಕಣ್ಣಿಂದ ನೋಡಿ ಕೈಯಿಂದ ಇಳಿಸೋದು. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಅದೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಹೊಸ ಓದುಗರಿಗೆ ಎರಡು ಮಾತು. ನಾನು ಪೈಲಟ್ ಅಲ್ಲ. ಬೆಳಗಾವಿಯಿಂದ ವಿಮಾನ ನಿಲ್ದಾಣ ಇರುವ ಸಾಂಬ್ರಾಕ್ಕೆ ಹೋಗುವ ದಾರಿಯಲ್ಲಿ ನನ್ನ ಮನೆ. ಮಾಳಿಗೆ ಮೇಲೆ ನಿಂತರೆ ಕಲಿಯುವವರ ಪುಟ್ಟ ವಿಮಾನಗಳು ಸುತ್ತು ಹಾಕಿ ಇಳಿಯೋದು ಕಾಣುತ್ತದೆ. ಕೆಳಗಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನಾನೂ ಅದೇ ರನ್‌ವೇಗೆ ಇಳಿಯುತ್ತಿದ್ದೇನೆ. 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಬ್ರಿಟಿಷ್ ವಾಯುಪಡೆ ಕಟ್ಟಿದ ನೆಲ ಅದು. ಈಗಿನ ರನ್‌ವೇ 2,300 ಮೀಟರ್ ಉದ್ದ, 45 ಮೀಟರ್ ಅಗಲ. ಪೂರ್ವದ ಕಡೆ ಮುಖ ಮಾಡಿ ಇಳಿದರೆ ಅದರ ಹೆಸರು 08, ಪಶ್ಚಿಮದ ಕಡೆ ಇಳಿದರೆ 26. ದಿಕ್ಸೂಚಿಯ 80 ಮತ್ತು 260 ಡಿಗ್ರಿಯ ಕೊನೆಯ ಸೊನ್ನೆ ತೆಗೆದರೆ ಉಳಿಯುವ ಅಂಕಿಗಳು ಇವು. ಕೆಳಗಿನ ಉತ್ತರಗಳಲ್ಲಿ ನಾನು ಹೇಳೋದೆಲ್ಲ ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ಪುಟ್ಟ ವಿಮಾನ ಮತ್ತು ಈ ರನ್‌ವೇ ಇಟ್ಟುಕೊಂಡು. ನಿಮ್ಮ ವಿಮಾನ, ನಿಮ್ಮ ಊರು ಬೇರೆ ಇದ್ದರೂ ಲೆಕ್ಕ ಹಾಕುವ ರೀತಿ ಅದೇ.

ಸರ್, ಫೈನಲ್‌ಗೆ (ರನ್‌ವೇ ಎದುರಿಗಿಟ್ಟು ಇಳಿಯುವ ಕೊನೆಯ ನೇರ ಹಾದಿಗೆ) ಬಂದ ಮೇಲೆ ನಾನು ರನ್‌ವೇಯ ಎಡಕ್ಕಿದ್ದೇನೋ ಬಲಕ್ಕಿದ್ದೇನೋ ತಿಳಿಯೋದೇ ಇಲ್ಲ. ತೀರಾ ಹತ್ತಿರ ಬಂದಾಗ ಗೊತ್ತಾಗುತ್ತೆ. ಅಷ್ಟೊತ್ತಿಗೆ ತಡವಾಗಿರುತ್ತೆ. ದೂರದಿಂದಲೇ ತಿಳಿಯೋಕೆ ಏನಾದರೂ ಗುರುತು ಇದೆಯಾ?
– ಮೊಬೈಲ್ ಅಂಗಡಿ ಇಟ್ಟಿರುವ ಓದುಗರು, ವಿಜಯಪುರ

ಇದೆ. ನಿಮ್ಮ ಊರಲ್ಲೇ ಇದೆ. ಒಂದು ಬೆಳಿಗ್ಗೆ ಗೋಲಗುಮ್ಮಟಕ್ಕೆ ಹೋಗಿ. ದಕ್ಷಿಣದ ಕಡೆಯಿಂದ ನಡೆದು ಬರುವಾಗ ಮೊದಲು ನಗಾರಖಾನೆ ಸಿಗುತ್ತದೆ, ಈಗ ಮ್ಯೂಸಿಯಂ ಆಗಿರುವ ಕಟ್ಟಡ. ಅದರ ಹಿಂದೆ ಗುಮ್ಮಟ. ನೀವು ಸರಿಯಾಗಿ ನಡುದಾರಿಯಲ್ಲಿದ್ದರೆ ನಗಾರಖಾನೆಯ ನೆತ್ತಿಯ ಮೇಲೆಯೇ ಗುಮ್ಮಟ ಕೂತಿರುತ್ತದೆ. ಈಗ ಇಪ್ಪತ್ತು ಹೆಜ್ಜೆ ಎಡಕ್ಕೆ ಸರಿಯಿರಿ. ಹತ್ತಿರದ ನಗಾರಖಾನೆ ಬಲಕ್ಕೆ ಜಾರಿತು, ದೂರದ ಗುಮ್ಮಟ ಅದರ ಎಡಕ್ಕೆ ಇಣುಕಿತು, ಅಲ್ವಾ? ನೀವು ಮತ್ತೆ ನಡುದಾರಿಗೆ ಬರಬೇಕಾದರೆ ಯಾವ ಕಡೆ ನಡೀಬೇಕು? ಗುಮ್ಮಟದ ಕಡೆಗಲ್ಲ, ಹತ್ತಿರದ ನಗಾರಖಾನೆಯ ಕಡೆಗೆ.

ರನ್‌ವೇನೂ ಹೀಗೇ ಕಾಣುತ್ತದೆ. ನಿಮ್ಮ ಕಡೆಗಿರುವ ತುದಿಯನ್ನು ನಾನು ಬುಡ ಅಂತೀನಿ, ಆ ಕಡೆಯದನ್ನು ತಲೆ. ನೀವು ನಡುಗೆರೆಯ ನೇರಕ್ಕಿದ್ದರೆ ಬುಡ, ತಲೆ ಎರಡೂ ಒಂದರ ಮೇಲೊಂದು ಬರುತ್ತವೆ. ರನ್‌ವೇ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದೆ. ನೀವು ಎಡಕ್ಕಿದ್ದರೆ ಬುಡ ಬಲಕ್ಕೆ ಚಾಚಿ, ತಲೆ ಎಡಕ್ಕೆ ವಾಲುತ್ತದೆ. ಬುಡ ಯಾವ ಕಡೆಗಿದೆಯೋ ಆ ಕಡೆಗೆ ಹೋಗಬೇಕು. ತಲೆ ವಾಲಿದ ಕಡೆಗೆ ಹೋದರೆ ತಪ್ಪು ಜಾಸ್ತಿಯಾಗುತ್ತದೆ. ಹೊಸಬರ ಕಣ್ಣು ಮಾತ್ರ ಸಹಜವಾಗಿ ತಲೆಯ ಕಡೆಗೇ ಹೋಗುತ್ತದೆ. ಅದನ್ನು ಬುಡಕ್ಕೆ ತಂದು ನಿಲ್ಲಿಸೋದೇ ಮೊದಲ ಅಭ್ಯಾಸ.

ಎಷ್ಟು ವಾಲಿದರೆ ಎಷ್ಟು ದೂರ? ಇದಕ್ಕೊಂದು ಚೆಂದದ ಲೆಕ್ಕ ಇದೆ. ನೀವು ನೆಲದಿಂದ ಎಷ್ಟು ಎತ್ತರದಲ್ಲಿದ್ದೀರೋ ಅಷ್ಟೇ ಪಕ್ಕಕ್ಕೆ ಇದ್ದರೆ ನಡುಗೆರೆ 45 ಡಿಗ್ರಿ ವಾಲಿ ಕಾಣುತ್ತದೆ. 500 ಅಡಿ ಅಂದರೆ ಸುಮಾರು 150 ಮೀಟರ್. ಆ ಎತ್ತರದಲ್ಲಿ 150 ಮೀಟರ್ ಪಕ್ಕಕ್ಕಿದ್ದರೆ 45 ಡಿಗ್ರಿ. ಬರೀ 10 ಡಿಗ್ರಿ ವಾಲಿದ್ದರೆ ಸುಮಾರು 26 ಮೀಟರ್ ಪಕ್ಕ. ನೋಡೋಕೆ ಏನೂ ಅಲ್ಲ ಅನ್ನಿಸುತ್ತದೆ, ಗಡಿಯಾರದ ನಿಮಿಷದ ಮುಳ್ಳು 12 ದಾಟಿ ಎರಡು ನಿಮಿಷವೂ ಸರಿದಿರೋದಿಲ್ಲ. ಆದರೆ ಸಾಂಬ್ರಾ ರನ್‌ವೇಯ ಅರ್ಧ ಅಗಲ ಇಪ್ಪತ್ತೆರಡೂವರೆ ಮೀಟರ್. ಅಂದರೆ ನೀವು ಆಗಲೇ ಅಂಚು ದಾಟಿ ಹುಲ್ಲಿನ ನೇರಕ್ಕೆ ಬರ್ತಾ ಇದ್ದೀರಿ.

ಇನ್ನೊಂದು ಮಾತು. ಈ ಗುರುತನ್ನು ರೆಕ್ಕೆ ಮಟ್ಟವಾಗಿದ್ದಾಗ ಮಾತ್ರ ನಂಬಿ. ವಿಮಾನ ವಾಲಿದ್ದರೆ ಪರದೆ ಮೇಲಿನದೆಲ್ಲ ವಾಲಿರುತ್ತದೆ. ಮೊದಲು ರೆಕ್ಕೆ ಮಟ್ಟ ಮಾಡಿ, ಆಮೇಲೆ ರನ್‌ವೇ ನೋಡಿ. ಅಭ್ಯಾಸಕ್ಕೆ ಫೈನಲ್‌ನಲ್ಲಿ ಪಾಜ್ ಗುಂಡಿ ಒತ್ತಿ ಪರದೆ ನಿಲ್ಲಿಸಿ. ಒಂದು ಅಡಿಪಟ್ಟಿ ತಂದು ನಡುಗೆರೆಗೆ ಹಿಡಿದು ನೋಡಿ. ನಾನು ಮೊದಲ ಎರಡು ತಿಂಗಳು ಹೀಗೇ ಮಾಡಿದ್ದೇನೆ. ಪರದೆ ನಿಂತಿರುವಾಗ ಕಣ್ಣಿಗೆ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ. ನಿಜವಾದ ವಿಮಾನದಲ್ಲಿ ಕಲಿಯುವವರಿಗೆ ಇದು ಸಿಗೋದಿಲ್ಲ, ನಮಗೆ ಸಿಗುತ್ತದೆ. ಬಳಸಿಕೊಳ್ಳಿ.

ಸರ್, ರನ್‌ವೇ ಎಡಕ್ಕಿದ್ದರೆ ಎಡಕ್ಕೆ ತಿರುಗಿಸ್ತೇನೆ. ಏನೂ ಆಗೋದಿಲ್ಲ. ಇನ್ನೂ ತಿರುಗಿಸ್ತೇನೆ. ಇದ್ದಕ್ಕಿದ್ದಂತೆ ರನ್‌ವೇ ಬಲಕ್ಕೆ ಹೋಗಿರುತ್ತದೆ. ಹಾವಿನ ಹಾಗೆ ಹರಿದಾಡಿ ಕೊನೆಗೆ ಪಕ್ಕದ ಹುಲ್ಲಿಗೆ ಇಳೀತೇನೆ. ನನ್ನ ಜಾಯ್‌ಸ್ಟಿಕ್ ಕೆಟ್ಟಿದೆಯಾ?
– ಬಿ.ಕಾಂ. ವಿದ್ಯಾರ್ಥಿ, ಗೋಕಾಕ

ಜಾಯ್‌ಸ್ಟಿಕ್ ಕೆಟ್ಟಿಲ್ಲ. "ಏನೂ ಆಗೋದಿಲ್ಲ" ಅಂತ ಬರೆದಿದ್ದೀರಲ್ಲ, ನಿಮ್ಮ ಕಷ್ಟ ಪೂರ್ತಿ ಆ ಎರಡು ಪದದಲ್ಲಿದೆ.

ಬೈಕಿನಲ್ಲಿ ಹ್ಯಾಂಡಲ್ ತಿರುಗಿಸಿದರೆ ಗಾಡಿ ಆಗಲೇ ಪಕ್ಕಕ್ಕೆ ಹೋಗಿರುತ್ತದೆ. ವಿಮಾನದಲ್ಲಿ ಮೊದಲು ರೆಕ್ಕೆ ವಾಲಬೇಕು. ರೆಕ್ಕೆ ವಾಲಿದ ಮೇಲೆ ಮೂತಿ ತಿರುಗುತ್ತದೆ. ಮೂತಿ ತಿರುಗಿ ಎಷ್ಟೋ ಹೊತ್ತಾದ ಮೇಲೆ ವಿಮಾನ ಪಕ್ಕಕ್ಕೆ ಬಂದದ್ದು ನಮಗೆ ಕಾಣುತ್ತದೆ. ಎಷ್ಟು ಹೊತ್ತು ಅಂತ ನೋಡೋಣ. ಸೆಸ್ನಾ ಫೈನಲ್‌ನಲ್ಲಿ ಸುಮಾರು 70 ನಾಟ್ ವೇಗದಲ್ಲಿ ಬರುತ್ತದೆ, ಸೆಕೆಂಡಿಗೆ 36 ಮೀಟರ್. ರನ್‌ವೇ 3 ಕಿ.ಮೀ. ದೂರ ಇದ್ದಾಗ ನೀವು 100 ಮೀಟರ್ ಬಲಕ್ಕಿದ್ದೀರಿ ಅಂದುಕೊಳ್ಳಿ. ಮೂತಿಯನ್ನು 5 ಡಿಗ್ರಿ ಎಡಕ್ಕೆ ತಿರುಗಿಸಿದಿರಿ. ಈಗ ವಿಮಾನ ಸೆಕೆಂಡಿಗೆ 3 ಮೀಟರ್‌ನಷ್ಟು ಎಡಕ್ಕೆ ಸರಿಯುತ್ತದೆ. 100 ಮೀಟರ್ ಸರಿಯೋಕೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಆ ಅರ್ಧ ನಿಮಿಷದಲ್ಲಿ ಒಂದು ಕಿಲೋಮೀಟರ್‌ಗೂ ಜಾಸ್ತಿ ಮುಂದೆ ಬಂದಿರುತ್ತೀರಿ.

ಆಟದ ಮುಂದೆ ಕೂತಾಗ ಅರ್ಧ ನಿಮಿಷ ಬಹಳ ಉದ್ದ. ಮೂರೇ ಸೆಕೆಂಡಿಗೆ ಮನಸ್ಸು "ಆಗ್ಲಿಲ್ಲ" ಅಂತದೆ, ಕೈ ಇನ್ನಷ್ಟು ತಿರುಗಿಸುತ್ತದೆ. ಮೂತಿ 20 ಡಿಗ್ರಿ ಪಕ್ಕಕ್ಕೆ ಹೋಗಿರುತ್ತದೆ. ನಡುಗೆರೆ ಹತ್ತಿರ ಬಂದಾಗ ವಿಮಾನ ಅದನ್ನು ಅಡ್ಡ ದಾಟಿ ಆ ಕಡೆ ಹೋಗುತ್ತದೆ. ಹಾವಿನ ಹರಿದಾಟ ಹುಟ್ಟೋದು ಇಲ್ಲಿ.

ಮದ್ದು ಹೀಗೆ. ರೆಕ್ಕೆಯನ್ನು 10 ಡಿಗ್ರಿ ಮಾತ್ರ ವಾಲಿಸಿ. ಬಾಯಿಬಿಟ್ಟು ಎಣಿಸಿ: ಒಂದು, ಎರಡು. ಮತ್ತೆ ಮಟ್ಟ ಮಾಡಿ. ಆ ಎರಡು ಸೆಕೆಂಡಿನಲ್ಲಿ ಮೂತಿ 5 ಡಿಗ್ರಿಯಷ್ಟು ತಿರುಗಿರುತ್ತದೆ. ಈಗ ಕೈ ಬಿಟ್ಟು ಕಾಯಿರಿ. ರನ್‌ವೇ ನಿಧಾನಕ್ಕೆ ನೆಟ್ಟಗಾಗುತ್ತಾ ಬರೋದನ್ನು ನೋಡಿ. ಈ ಕಾಯೋದನ್ನು ಬೇರೆ ಯಾರೂ ನಿಮಗೆ ಕಲಿಸೋಕಾಗೋದಿಲ್ಲ.

ಆಮೇಲೆ ವಾಪಸ್ ತಿರುವು. ಹತ್ತರಲ್ಲಿ ಒಂಬತ್ತು ಜನ ಮರೆಯೋದು ಇದನ್ನೇ. ಎಡಕ್ಕೆ 5 ಡಿಗ್ರಿ ತಿರುಗಿಸಿದ್ದನ್ನು ಮತ್ತೆ ಬಲಕ್ಕೆ 5 ಡಿಗ್ರಿ ತಿರುಗಿಸಿ ತೆಗೆಯಬೇಕು. ಅದನ್ನೂ ರನ್‌ವೇ ಪೂರ್ತಿ ನೆಟ್ಟಗಾದ ಮೇಲಲ್ಲ, ಅದಕ್ಕೂ ಮೊದಲೇ ಶುರು ಮಾಡಬೇಕು. ವಾಲಿದ್ದು ಅರ್ಧ ಕಮ್ಮಿಯಾದಾಗ ತಿರುವಿನ ಅರ್ಧ ತೆಗೀರಿ, ನೆಟ್ಟಗಾಗೋಕೆ ಇನ್ನೇನು ಕೂದಲೆಳೆ ಬಾಕಿ ಅನ್ನುವಾಗ ಉಳಿದರ್ಧ ತೆಗೀರಿ. 26ಕ್ಕೆ ಇಳೀತಾ ಇದ್ದರೆ ದಿಕ್ಸೂಚಿ 255ರಿಂದ 258ಕ್ಕೆ, ಅಲ್ಲಿಂದ 260ಕ್ಕೆ ಬಂದು ನಿಲ್ಲಬೇಕು.

ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ರನ್‌ವೇ ಒಂದೇ ಕಿಲೋಮೀಟರ್ ದೂರ ಇದ್ದು, ಆಗಲೂ ನೀವು 100 ಮೀಟರ್ ಪಕ್ಕದಲ್ಲಿದ್ದರೆ? ನಿಮ್ಮ ಹತ್ತಿರ ಉಳಿದಿರೋದು 28 ಸೆಕೆಂಡು. ಸಣ್ಣ ತಿರುವಿನಿಂದ ಮುಟ್ಟೋಕಾಗೋದಿಲ್ಲ. ದೊಡ್ಡ ತಿರುವು ನೆಲದ ಹತ್ತಿರ ಬೇಡವೇ ಬೇಡ. ಪೂರ್ತಿ ಥ್ರಾಟಲ್ (ಎಂಜಿನ್ ಶಕ್ತಿ) ಕೊಟ್ಟು, ಮೂತಿ ಏರಿಸಿ, ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಪಟ್ಟಿ) ಒಂದೊಂದೇ ಹಂತ ತೆಗೆದು ಮತ್ತೊಂದು ಸುತ್ತು ಬನ್ನಿ. ದೊಡ್ಡ ವಿಮಾನಗಳ ಪೈಲಟ್‌ಗಳಿಗೂ ಇದೇ ರೂಢಿ. ಆಕಾಶ ತಿಳಿಯಾಗಿದ್ದಾಗ ನೆಲದಿಂದ 500 ಅಡಿಗೆ ಬರುವಷ್ಟರಲ್ಲಿ ನೇರ, ವೇಗ, ಇಳಿತ ಎಲ್ಲ ಹದಕ್ಕೆ ಬಂದಿರಬೇಕು, ಇಲ್ಲದಿದ್ದರೆ ಮೇಲೇರಬೇಕು. ಸಾಂಬ್ರಾ ನೆಲ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ ಇದೆ. ಹಾಗಾಗಿ ಇಲ್ಲಿ ಆ ಗಡಿ ಅಂದರೆ ಸಮುದ್ರಮಟ್ಟದಿಂದ ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ 3,000. ನೆನಪಿಟ್ಟುಕೊಳ್ಳೋಕೆ ಸುಲಭ. ಮುಳ್ಳು 3,000ಕ್ಕೆ ಬಂದಾಗ ರನ್‌ವೇ ನೆಟ್ಟಗಿಲ್ಲದಿದ್ದರೆ ಮೇಲೇರಿ. ಇದನ್ನು ಸೋಲು ಅಂದುಕೊಳ್ಳಬೇಡಿ. ನಮ್ಮ ಮಾಳಿಗೆಯಿಂದ ನೋಡುವಾಗ ಇಳಿಯೋಕೆ ಬಂದ ವಿಮಾನ ಮತ್ತೆ ಸದ್ದು ಏರಿಸಿ ಮೇಲೆ ಹೋದರೆ, ಒಳಗೆ ಕೂತವರು ಚೆನ್ನಾಗಿ ಕಲೀತಾ ಇದ್ದಾರೆ ಅಂತ ನನಗೆ ಖುಷಿಯಾಗುತ್ತದೆ.

ಸರ್, ಲೈವ್ ವೆದರ್ (ಆ ಹೊತ್ತಿನ ನಿಜವಾದ ಹವಾಮಾನ) ಹಾಕಿಕೊಂಡು ಸಾಂಬ್ರಾದಲ್ಲಿ ಸುತ್ತು ಹಾಕ್ತೇನೆ. ಬೇಸಿಗೆಯಲ್ಲಿ ಸರಿ ಬರ್ತಿತ್ತು. ಮಳೆಗಾಲ ಶುರುವಾದ ಮೇಲೆ ಪ್ರತಿ ಸಲ ಕೊನೆಯ ತಿರುವಿನಲ್ಲಿ ರನ್‌ವೇ ನೇರ ದಾಟಿ ಆಚೆ ಹೋಗ್ತೇನೆ. ಯಾಕೆ?
– ಹೈಸ್ಕೂಲ್ ಶಿಕ್ಷಕರು, ಖಾನಾಪುರ

ಗುರುಗಳೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಅರ್ಧ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮ, ನೈಋತ್ಯದಿಂದ ಜೋರಾಗಿ ಬೀಸುತ್ತದೆ. ಗಾಳಿಗೆ ಮುಖ ಮಾಡಿ ಇಳಿಯಬೇಕು, ಹಾಗಾಗಿ 26. ಎಡಸುತ್ತು ಹಾಕಿದರೆ ರನ್‌ವೇಯ ದಕ್ಷಿಣಕ್ಕೆ ಪೂರ್ವಮುಖವಾಗಿ ಡೌನ್‌ವಿಂಡ್, ಅಂದರೆ ರನ್‌ವೇಗೆ ಸಮಾನಾಂತರವಾಗಿ ಇಳಿಯುವ ದಿಕ್ಕಿಗೆ ಎದುರು ದಿಕ್ಕಿನಲ್ಲಿ, ಹೋಗ್ತೀರಿ. ಆಮೇಲೆ ಉತ್ತರಕ್ಕೆ ತಿರುಗಿ ಬೇಸ್ (ರನ್‌ವೇ ನೇರಕ್ಕೆ ಅಡ್ಡ ಬರುವ ಹಾದಿ), ಕೊನೆಗೆ ಪಶ್ಚಿಮಕ್ಕೆ ತಿರುಗಿ ಫೈನಲ್. ನೈಋತ್ಯದ ಗಾಳಿ ಬೇಸ್‌ನಲ್ಲಿ ನಿಮ್ಮ ಬೆನ್ನಿಗಿದೆ. ನಿಮ್ಮನ್ನು ಉತ್ತರಕ್ಕೆ ತಳ್ಳುತ್ತಿದೆ.

ಎಷ್ಟು ತಳ್ಳುತ್ತದೆ? ಗಾಳಿ 230 ಡಿಗ್ರಿಯಿಂದ 15 ನಾಟ್ ಅಂತ ಇಟ್ಟುಕೊಳ್ಳಿ. ರನ್‌ವೇಗೆ ಅದು 30 ಡಿಗ್ರಿ ಓರೆ, ಅಡ್ಡಗಾಳಿ ಅದರ ಅರ್ಧ, ಏಳೂವರೆ ನಾಟ್. 70 ನಾಟ್ ವೇಗದಲ್ಲಿ 20 ಡಿಗ್ರಿ ವಾಲಿಸಿ ಬೇಸ್‌ನಿಂದ ಫೈನಲ್‌ಗೆ ತಿರುಗೋಕೆ ಸುಮಾರು 16 ಸೆಕೆಂಡು ಹಿಡಿಯುತ್ತದೆ. ಆ 16 ಸೆಕೆಂಡಿನಲ್ಲಿ ಗಾಳಿ ನಿಮ್ಮನ್ನು 60 ಮೀಟರ್ ಆಚೆ ಒಯ್ದಿರುತ್ತದೆ. ರನ್‌ವೇಯ ಅಗಲಕ್ಕಿಂತ ಜಾಸ್ತಿ. ಬೇಸಿಗೆಯಲ್ಲಿ ಸರಿಯಾಗಿದ್ದ ಅದೇ ತಿರುವು, ಅದೇ ಜಾಗ, ಈಗ ತಪ್ಪು.

ನಮ್ಮಪ್ಪ ಬೈಲಹೊಂಗಲದ ಎರಿ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುತ್ತಿದ್ದರು. ಕೂರಿಗೆ ಹಿಡಿದು ಮೊದಲ ಸಾಲು ಹೊಡೆಯೋದು ಅವರದೇ ಕೆಲಸ. ಮೊದಲ ಸಾಲು ಸೊಟ್ಟಾದರೆ ಹೊಲ ಪೂರ್ತಿ ಸೊಟ್ಟ. ನಾನು ಪಕ್ಕದಲ್ಲಿ ನಡೀತಾ ಅವರ ಕಣ್ಣು ನೋಡುತ್ತಿದ್ದೆ. ಬದುವಿನ ಹತ್ತಿರ ಎತ್ತು ತಿರುಗಿಸುವಾಗಲೇ ಅವರ ನೋಟ ಆ ಕಡೆ ಬದುವಿನ ಬನ್ನಿಗಿಡಕ್ಕೆ ಹೋಗಿರುತ್ತಿತ್ತು. ಎತ್ತು ಇನ್ನೂ ಅರ್ಧ ತಿರುಗಿರುತ್ತಿದ್ದವು. "ಎತ್ತಿನ ಕಾಲ ನೋಡಬ್ಯಾಡ, ಗಿಡಾ ನೋಡು. ತಿರುಗಿದ ಮ್ಯಾಲ ನೆಟ್ಟಗ ಮಾಡಾಕ ಬರಂಗಿಲ್ಲ" ಅನ್ನುತ್ತಿದ್ದರು. ಫೈನಲ್‌ನಲ್ಲಿ ನೇರ ಹುಡುಕುವವರಿಗೆಲ್ಲ ನಾನು ಹೇಳೋದು ಇದನ್ನೇ. ಸಾಲು ಹಿಡಿಯಬೇಕಾದ್ದು ತಿರುವಿನಲ್ಲಿ, ತಿರುಗಿದ ಮೇಲಲ್ಲ.

ಸಿಮ್ಯುಲೇಟರ್‌ನಲ್ಲಿ ಬನ್ನಿಗಿಡ ನೀವೇ ಆರಿಸಿಕೊಳ್ಳಬೇಕು. ಹಾರುವ ಮೊದಲು ಮ್ಯಾಪ್ ತೆಗೆದು ರನ್‌ವೇ ಗೆರೆಯನ್ನು ಪೂರ್ವಕ್ಕೆ 2-3 ಕಿ.ಮೀ. ಮನಸ್ಸಿನಲ್ಲೇ ಎಳೀರಿ. ಆ ಗೆರೆ ಮೇಲೆ ಏನಿದೆ? ಒಂದು ಬಾವಿ, ಒಂದು ತಗಡಿನ ಶೆಡ್, ರಸ್ತೆಯ ಒಂದು ತಿರುವು, ಯಾವುದಾದರೂ ಸರಿ. ಬೇಸ್‌ನಲ್ಲಿ ಬರುವಾಗ ನಿಮಗೆ ಫೈನಲ್ ಗೆರೆ ಕಾಣೋದಿಲ್ಲ, ಆ ಶೆಡ್ ಕಾಣುತ್ತದೆ. ಗಾಳಿ ಇಲ್ಲದ ದಿನ ಅದಕ್ಕಿಂತ 350-400 ಮೀಟರ್ ಮೊದಲೇ ತಿರುವು ಶುರುವಾಗಬೇಕು, ಯಾಕಂದರೆ ಆ ವೇಗಕ್ಕೆ, ಆ ವಾಲಿಗೆ ತಿರುವಿನ ಅಳತೆ ಅಷ್ಟಿದೆ. ಮಳೆಗಾಲದ ಗಾಳಿಗೆ ಇನ್ನೂ 60-70 ಮೀಟರ್ ಮೊದಲು.

ನನ್ನ ಒಂದು ಸುತ್ತು ಹೀಗಿರುತ್ತದೆ. ಡೌನ್‌ವಿಂಡ್‌ನಲ್ಲಿ ಆಲ್ಟಿಮೀಟರ್ 3,500. ನೆಲದ 2,500ಕ್ಕೆ 1,000 ಕೂಡಿಸಿದ್ದು. ಇದನ್ನು ಮರೆತು 1,000ಕ್ಕೆ ಇಳಿಯೋಕೆ ನೋಡುವವರು ಎಷ್ಟೋ ಜನ. ರನ್‌ವೇಯ ಬುಡ ಎಡ ಭುಜದ ನೇರಕ್ಕೆ ಬಂದಾಗ ಥ್ರಾಟಲ್ 1,500 ಆರ್‌ಪಿಎಂಗೆ ಇಳಿಸಿ, ಫ್ಲಾಪ್ 10. ಬುಡ ಎಡ ಭುಜದ ಹಿಂದೆ 45 ಡಿಗ್ರಿಗೆ ಹೋದಾಗ ಬೇಸ್‌ಗೆ ತಿರುವು, ಫ್ಲಾಪ್ 20. ಈಗ ನೋಟವನ್ನು ಎಡಕ್ಕೆ ಹೊರಳಿಸ್ತೇನೆ. ಜಾಯ್‌ಸ್ಟಿಕ್ ನೆತ್ತಿಯ ಮೇಲಿನ ಪುಟ್ಟ ಗುಂಡಿ ಇರೋದೇ ಇದಕ್ಕೆ. ರನ್‌ವೇ ಅಡ್ಡ ಪಟ್ಟಿಯ ಹಾಗೆ ಕಾಣ್ತಾ ಇರುತ್ತದೆ, ಅದರ ಎರಡು ತುದಿ ನಿಧಾನಕ್ಕೆ ಒಂದಕ್ಕೊಂದು ಹತ್ತಿರ ಬರ್ತವೆ. ಶೆಡ್ ಹತ್ತಿರ ಬಂತು. ಇನ್ನೂ ಬೇಗ ಅನ್ನಿಸುವಾಗಲೇ 15 ಡಿಗ್ರಿ ವಾಲಿಸ್ತೇನೆ. ಬೇಗ ಶುರು ಮಾಡಿದ ತಿರುವನ್ನು ಸಡಿಲ ಮಾಡಬಹುದು. ತಡವಾಗಿ ಶುರು ಮಾಡಿದ್ದನ್ನು ಬಿಗಿ ಮಾಡೋಕೆ ಹೋಗಬಾರದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೆರೆ ದಾಟಿ ಹೋದೆ ಅನ್ನಿಸಿದಾಗ ಇನ್ನೂ ವಾಲಿಸೋಣ, ಇಲ್ಲಾ ರಡ್ಡರ್ (ಬಾಲದ ಚುಕ್ಕಾಣಿ) ತುಳಿದು ಮೂತಿ ಎಳೆದುಕೊಳ್ಳೋಣ ಅನ್ನಿಸುತ್ತದೆ. ವಾಲಿದಷ್ಟೂ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುವ, ವೇಗ ಏರುತ್ತದೆ. ಮಟ್ಟ ಹಾರಾಟದ ತಿರುವಿನಲ್ಲಿ 30 ಡಿಗ್ರಿಗೆ 7 ಶೇಕಡಾ, 45ಕ್ಕೆ 19, 60ಕ್ಕೆ 41. ಅದರ ಜೊತೆ ರಡ್ಡರ್ ತುಳಿದು ಜಾರಿಸಿದರೆ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಸುರುಳಿ ಸುತ್ತಿ ಬೀಳುತ್ತದೆ. ಆ ಎತ್ತರದಿಂದ ಎತ್ತಿಕೊಳ್ಳೋಕೆ ಜಾಗ ಇರೋದಿಲ್ಲ. ನಿಜವಾದ ಪುಟ್ಟ ವಿಮಾನಗಳಲ್ಲಿ ಈ ತಿರುವಿನಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಸಿಮ್ಯುಲೇಟರ್‌ನಲ್ಲಿ ಏನೂ ಆಗೋದಿಲ್ಲ, ಸುಮ್ನೆ ಮತ್ತೆ ಶುರು ಮಾಡಬಹುದು. ಆದರೂ ಬೇಡ. ನಿಮ್ಮ ಶಾಲೆಯ ಹುಡುಗರು ನಿಮ್ಮಿಂದ ಕಲಿತು ನಾಳೆ ನಿಜವಾದ ವಿಮಾನ ಹತ್ತಬಹುದು. ಕೈಗೆ ಒಳ್ಳೆ ರೂಢಿಯೇ ಬೀಳಲಿ. 30 ಡಿಗ್ರಿ ದಾಟಬೇಡಿ. ಗೆರೆ ದಾಟಿದರೆ ಮೇಲೇರಿ ಇನ್ನೊಂದು ಸುತ್ತು ಬನ್ನಿ.

ಫೈನಲ್‌ಗೆ ಬಂದ ಮೇಲೆ ಅದೇ ಗಾಳಿ ಎಡದಿಂದ ತಳ್ಳುತ್ತದೆ. ಮೂತಿಯನ್ನು 6 ಡಿಗ್ರಿಯಷ್ಟು ಗಾಳಿ ಕಡೆ, ಎಡಕ್ಕೆ, ಹಿಡಿದು ಬನ್ನಿ. ದಿಕ್ಸೂಚಿ 254 ತೋರಿಸುತ್ತದೆ, ವಿಮಾನ 260ರ ಗೆರೆ ಮೇಲೇ ಬರುತ್ತದೆ. ಏಡಿ ನಡೆದ ಹಾಗೆ. ಆಗ ರನ್‌ವೇ ಪರದೆಯ ನಡುವೆ ಇರೋದಿಲ್ಲ, ಸ್ವಲ್ಪ ಬಲಕ್ಕಿರುತ್ತದೆ. ಗಾಬರಿ ಬೇಡ. ವಿಜಯಪುರದ ಓದುಗರಿಗೆ ಹೇಳಿದ ಗುರುತು ಇಲ್ಲೂ ನಡೆಯುತ್ತದೆ: ಪರದೆಯಲ್ಲಿ ಎಲ್ಲಿದ್ದರೂ ಸರಿ, ಬುಡದ ಮೇಲೆ ತಲೆ ನೆಟ್ಟಗಿದ್ದರೆ ನೀವು ಗೆರೆ ಮೇಲಿದ್ದೀರಿ. ಚಕ್ರ ತಾಗುವ ಸ್ವಲ್ಪ ಮೊದಲು ಬಲ ರಡ್ಡರ್ ಒತ್ತಿ ಮೂತಿ ನೇರ ಮಾಡಿ, ಎಡ ರೆಕ್ಕೆ ತುಸು ಕೆಳಗಿಡಿ. ಎಡ ಚಕ್ರ ಮೊದಲು ತಾಗಲಿ. ಸೆಟ್ಟಿಂಗ್ಸ್‌ನಲ್ಲಿ ಆಟೊ ರಡ್ಡರ್ ಹಾಕಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಈ ಕೊನೆಯ ಕೆಲಸ ಕೈಗೆ ಸಿಗೋದಿಲ್ಲ.

ನೇರವಾಗಿ ಬರ್ತೇನೆ ಸರ್, ಎತ್ತರ ತಪ್ಪುತ್ತದೆ. ಒಮ್ಮೆ ರನ್‌ವೇಗಿಂತ ಮೊದಲೇ ಹೊಲದಲ್ಲಿ, ಒಮ್ಮೆ ರನ್‌ವೇ ಅರ್ಧ ಮುಗಿದ ಮೇಲೆ.
– ಟ್ರ್ಯಾಕ್ಟರ್ ಮೆಕ್ಯಾನಿಕ್, ಮುಧೋಳ

ರನ್‌ವೇ ಬುಡದಿಂದ 300 ಮೀಟರ್ ಒಳಗೆ ಎರಡು ದಪ್ಪ ಬಿಳಿ ಪಟ್ಟಿ ಇರುತ್ತವೆ. ಅದನ್ನೇ ನೋಡಿ. ಗಾಜಿನ ಮೇಲೆ ಅದು ಒಂದೇ ಜಾಗದಲ್ಲಿ ನಿಂತಿದ್ದರೆ ನೀವು ಅಲ್ಲಿಗೇ ಹೋಗ್ತಾ ಇದ್ದೀರಿ. ಮೇಲೆ ಏರುತ್ತಿದ್ದರೆ ಮೊದಲೇ ನೆಲ ಮುಟ್ಟುತ್ತೀರಿ, ಸ್ವಲ್ಪ ಥ್ರಾಟಲ್ ಕೊಡಿ. ಕೆಳಗೆ ಜಾರುತ್ತಿದ್ದರೆ ದಾಟಿ ಹೋಗ್ತೀರಿ, ಥ್ರಾಟಲ್ ಇಳಿಸಿ. ಪಕ್ಕದ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಇದ್ದರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ, ನಾಲ್ಕೂ ಬಿಳಿಯಾದರೆ ತೀರಾ ಮೇಲೆ. ಇಳಿಯುವ ದರಕ್ಕೆ ಬಾಯಿಲೆಕ್ಕ: ವೇಗವನ್ನು ಐದರಿಂದ ಗುಣಿಸಿ. 70 ನಾಟ್‌ಗೆ ನಿಮಿಷಕ್ಕೆ 350 ಅಡಿ.

ನನ್ನದು ಹಳೆ ಲ್ಯಾಪ್‌ಟಾಪ್. ದುಡ್ಡು ಕೊಟ್ಟು ತಗೊಳ್ಳೋಕಾಗೋದಿಲ್ಲ. ಅಭ್ಯಾಸ ಹೇಗೆ?
– ಓದುಗರು, ಬಾಗಲಕೋಟೆ

ಫ್ಲೈಟ್‌ಗಿಯರ್ ಅನ್ನೋ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ. ಚಿತ್ರದ ಗುಣಮಟ್ಟ ಕಮ್ಮಿ ಮಾಡಿಕೊಳ್ಳಿ, ಮರಗಿಡ ಕಾಣದಿದ್ದರೆ ನಡೆಯುತ್ತದೆ, ಪರದೆ ತಡವರಿಸಬಾರದು. ತಡವರಿಸುವ ಪರದೆಯಲ್ಲಿ ಸಣ್ಣ ತಿರುವು ಕಲಿಯೋಕಾಗೋದಿಲ್ಲ. ಪ್ರತಿ ಸಲ ಟೇಕಾಫ್‌ನಿಂದ ಶುರು ಮಾಡಬೇಡಿ. ನೇರ ಫೈನಲ್‌ನಲ್ಲಿ, 3 ನಾಟಿಕಲ್ ಮೈಲಿ ದೂರದಿಂದ ಶುರು ಮಾಡಿ. ಒಂದು ಗಂಟೆಯಲ್ಲಿ ಹದಿನೈದು ಸಲ ಇಳಿಯಬಹುದು. ಮೊದಲ ವಾರ ಗಾಳಿ ಸೊನ್ನೆ ಇರಲಿ.

ಕಾಕಾ, ನಾನು ಒಂಬತ್ತನೇ ಕ್ಲಾಸು. ವಿಮಾನದ ಮೂತಿಯನ್ನು ರನ್‌ವೇ ತುದಿಗೆ ಸರಿಯಾಗಿ ಇಟ್ಟುಕೊಂಡೇ ಬರ್ತೀನಿ. ಗಾಳಿನೂ ಇಲ್ಲ. ಆದರೂ ಚಕ್ರ ತಾಗಿದ ಕೂಡಲೇ ವಿಮಾನ ಎಡಕ್ಕೆ ಓಡಿ ಹುಲ್ಲಿಗೆ ಹೋಗ್ತದೆ. ನಾನು ಏನು ತಪ್ಪು ಮಾಡ್ತಿದೀನಿ?
– ವಿದ್ಯಾರ್ಥಿನಿ, ಜಮಖಂಡಿ

ನೋಡವ್ವಾ, ನಿನ್ನ ಪತ್ರ ಓದಿ ನನಗೆ ಬಹಳ ಸಂತೋಷ ಆಯ್ತು. ಗಾಳಿ ಇಲ್ಲ ಅಂತ ನೀನೇ ನೋಡಿ ಬರೆದಿದೀಯಲ್ಲ, ಹಾಗೆ ನೋಡುವವರು ಕಮ್ಮಿ.

ತಪ್ಪು ಇರೋದು ಮೂತಿಯಲ್ಲಿ. ಸೆಸ್ನಾದಲ್ಲಿ ಪೈಲಟ್ ಕೂರೋದು ನಡುವೆ ಅಲ್ಲ, ಎಡ ಸೀಟಿನಲ್ಲಿ. ಸಿಮ್ಯುಲೇಟರ್‌ನ ಕ್ಯಾಮೆರಾನೂ ಅಲ್ಲೇ ಇರ್ತದೆ. ಅಲ್ಲಿಂದ ನೋಡಿದರೆ ಫ್ಯಾನಿನ ನಡುಭಾಗ ನಿನ್ನ ನೇರ ಎದುರಿಗಿಲ್ಲ, ಬಲಕ್ಕಿದೆ. ನೀನು ಅದನ್ನು ರನ್‌ವೇ ತುದಿಗೆ ಜೋಡಿಸಿದರೆ ವಿಮಾನ ನಿಜವಾಗಿ ಕೆಲವು ಡಿಗ್ರಿ ಎಡಕ್ಕೆ ಮುಖ ಮಾಡಿರ್ತದೆ. ಹಾರುತ್ತಿರುವಾಗ ಸಣ್ಣ ಸಣ್ಣ ತಿದ್ದುಪಡಿಯಲ್ಲಿ ಅದು ಮುಚ್ಚಿಹೋಗ್ತದೆ. ಚಕ್ರ ತಾಗಿದ ಮೇಲೆ ಮುಖ ಇದ್ದ ಕಡೆ ಓಡ್ತದೆ. ಅನುಮಾನ ಇದ್ದರೆ ಮುಂದಿನ ಸಲ ತಾಗುವ ಮೊದಲು ದಿಕ್ಸೂಚಿ ನೋಡು. 260 ಇರಬೇಕಾದಲ್ಲಿ 253, 254 ಇರಬಹುದು.

ಹಾಗಾದರೆ ನೇರ ಎದುರು ಅಂದರೆ ಎಲ್ಲಿ? ಇದನ್ನು ಹುಡುಕೋದು ನೆಲದ ಮೇಲೆ. ವಿಮಾನವನ್ನು ರನ್‌ವೇ ಬುಡದಲ್ಲಿ, ಮುಂದಿನ ಚಕ್ರ ನಡುಗೆರೆ ಮೇಲೆ ಬರೋ ಹಾಗೆ, ದಿಕ್ಸೂಚಿ ರನ್‌ವೇ ದಿಕ್ಕಿಗೇ ಇರೋ ಹಾಗೆ ನಿಲ್ಲಿಸು. ಕ್ಯಾಮೆರಾ ರೀಸೆಟ್ ಮಾಡು. ಈಗ ರನ್‌ವೇಯ ದೂರದ ತುದಿ ಪರದೆಯ ಯಾವ ಜಾಗದಲ್ಲಿ ಕಾಣ್ತದೆ? ಅದೇ ನಿನ್ನ ನೇರ ಎದುರು.

ನಾನು ಇದನ್ನು ಕಂಡುಕೊಂಡ ದಿನ ಗುರುತು ಹಾಕೋಕೆ ಏನೂ ಸಿಗಲಿಲ್ಲ. ಪೆನ್ನಿನಿಂದ ಪರದೆ ಮೇಲೆ ಬರೆಯೋ ಹಾಗಿಲ್ಲ. ನಮ್ಮವ್ವ ಮುಖ ತೊಳೆಯುವ ಮುಂಚೆ ಟಿಕಳಿ ತೆಗೆದು ಕನ್ನಡಿಯ ಮೂಲೆಗೆ ಅಂಟಿಸ್ತಿದ್ದಳು. ಒಂದರ ಕೆಳಗೊಂದು ಐದಾರು ಇರ್ತಿದ್ದವು. ಅದರಲ್ಲಿ ಎಲ್ಲಕ್ಕಿಂತ ಸಣ್ಣದು, ಎಳ್ಳಿನಷ್ಟು, ಉಗುರಿನ ತುದಿಯಿಂದ ಬಿಡಿಸಿ ತಂದೆ. ಅಂಟು ಅರ್ಧ ಒಣಗಿತ್ತು. ಪರದೆಗೆ ಒತ್ತಿ ಹಿಡಿದು ಹತ್ತು ಎಣಿಸಿದ ಮೇಲೆ ನಿಂತಿತು. ಕೆಂಪು ಟಿಕಳಿ, ಅದರ ಹಿಂದೆ ರನ್‌ವೇ ತುದಿ. ಆ ಸಂಜೆ ಇಳಿದಾಗ ಮೂತಿಯ ಕಡೆ ನೋಡಲೇ ಇಲ್ಲ. ಟಿಕಳಿಯನ್ನು ರನ್‌ವೇ ತುದಿಗೆ ತಂದೆ. ಚಕ್ರ ತಾಗಿತು. ವಿಮಾನ ನಡುಗೆರೆ ಮೇಲೇ ಓಡಿತು, ಬಿಳಿ ಗೆರೆಗಳು ಒಂದೊಂದಾಗಿ ನನ್ನ ಕಾಲಡಿ ಬಂದು ಹೋದವು. ಅವ್ವನ ಟಿಕಳಿ ಆ ಮಾನಿಟರ್ ಕೆಡುವ ತನಕ ಅಲ್ಲೇ ಇತ್ತು.

ನೀನೂ ಹಾಗೇ ಅಂಟಿಸು. ಎರಡು ಎಚ್ಚರ. ಅಂಟಿಸಿದ ಮೇಲೆ ಕ್ಯಾಮೆರಾ ಜಾಗ, ಜೂಮ್ ಮುಟ್ಟಬೇಡ, ಮುಟ್ಟಿದರೆ ಮತ್ತೆ ನೆಲದ ಮೇಲೆ ನಿಂತು ಹೊಸದಾಗಿ ಹುಡುಕಬೇಕು. ಮತ್ತೆ, ಅಡ್ಡಗಾಳಿ ಹಾಕಿಕೊಂಡ ದಿನ ದಾರಿಯಲ್ಲಿ ಟಿಕಳಿ ರನ್‌ವೇ ಮೇಲೆ ಕೂರೋದಿಲ್ಲ. ಖಾನಾಪುರದ ಗುರುಗಳಿಗೆ ಬರೆದದ್ದನ್ನು ಓದಿಕೋ. ಆಗ ಟಿಕಳಿ ಕೆಲಸಕ್ಕೆ ಬರೋದು ಕೊನೆಯಲ್ಲಿ, ರಡ್ಡರ್ ಒತ್ತಿ ಮೂತಿ ನೇರ ಮಾಡುವಾಗ.

ಹತ್ತು ಸಲ ಇಳಿದು ನೋಡು. ಎಷ್ಟನೇ ಸಲಕ್ಕೆ ಮುಂದಿನ ಚಕ್ರ ನಡುಗೆರೆ ಮೇಲೆ ಬಂತು ಅಂತ ನನಗೆ ಬರೆ.